ಆಲ್ಕೊಳದ ರಾಮಾವತಾರ

ಆಲ್ಕೊಳದ ನಮ್ಮ ಬೀದಿಯವರು ನಮ್ಮಿಬ್ಬರನ್ನು ಕಂಡರೆ "ರಾಮ-ಸೀತೆ ಹೊರಟ್ರು ನೋಡ್ರೇ" ಅಂತಿದ್ದರು. ನಾನು ಪರಸ್ತ್ರೀಯರನ್ನು ಕತ್ತೆತ್ತಿ ನೋಡಿದವನಲ್ಲ. (ಕತ್ತಿನ ಮೂಳೆ ಸವೆದಿದೆ, ಎತ್ತಿದರೆ ನೋಯುತ್ತದೆ. ಇದು ನನಗೂ ಡಾಕ್ಟರಿಗೂ ಮಾತ್ರ ಗೊತ್ತು.) ಹೊಗಳಿಕೆ ಎಂಥ ಪದಾರ್ಥ ನೋಡಿ, ಕೇಳ್ತಾ ಕೇಳ್ತಾ ನನ್ನಲ್ಲೂ ರಾಮನ ಒಂದಂಶ ಇರಲೇಬೇಕು ಅನ್ನಿಸತೊಡಗಿತು.

ಈ ಸಲದ ರಾಮನವಮಿಗೆ, ಬೀದಿಯ ಪಾನಕದ ಪೆಂಡಾಲಿನಲ್ಲಿ ಪಕ್ಕದ ಮನೆ ಧರ್ಮಪ್ಪನವರು ನನ್ನ ಕೈಗೆ ಮೈಕು ಕೊಟ್ಟರು. ಕೊಡಬಾರದಿತ್ತು.

"ದೇವರು ಅವತಾರ ಎತ್ತಿದ್ದು ಮಂಗಳಾರತಿ ಮಾಡಿಸಿಕೊಳ್ಳಕ್ಕಲ್ಲ, ಮನುಷ್ಯ ಹೇಗೆ ಬಾಳಬೇಕು ಅಂತ ಬಾಳಿ ತೋರಿಸಕ್ಕೆ. ನಮ್ಮಪ್ಪ ಒಂದು ಮಾತು ಹೇಳಲಿ, ಈ ರೇಣುಕಾಪ್ರಸಾದ್ ನಾಳೆಯೇ ಮನೆ ಬಿಡ್ತಾನೆ" ಅಂದೆ.

ಚಪ್ಪಾಳೆ ಬಿತ್ತು. ಧರ್ಮಪ್ಪನವರು ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದರು. ಅದು ಮಲವಗೊಪ್ಪ ದಾಟಿ ಭದ್ರಾವತಿ ಮುಟ್ಟಲು ಬಸ್ಸಿನಷ್ಟು ಹೊತ್ತೂ ಹಿಡಿಯಲಿಲ್ಲ.

ಮರುದಿನ ಕಾಫಿ ಹೊತ್ತಿಗೆ ಅಪ್ಪಾಜಿ ಷಣ್ಮುಖಪ್ಪನವರು ಭದ್ರಾವತಿಯಿಂದ ಬಂದಿಳಿದರು. ಹಿಂದೆ ನನ್ನ ತಮ್ಮ ಜ್ಞಾನೇಶ್, ಕೈಯಲ್ಲಿ ಅಳತೆ ಟೇಪು.

"ನಿನ್ನ ಮಾತು ಕೇಳಿ ಕಣ್ಣಲ್ಲಿ ನೀರು ಬಂತು ಕಣೋ" ಅಂದರು ಅಪ್ಪಾಜಿ. "ಎರಡು ವರ್ಷದಿಂದ ಕೇಳಕ್ಕೆ ಬಾಯಿ ಬಂದಿರಲಿಲ್ಲ. ಮುಂದಿನ ತಿಂಗಳು ಇವನ ಮದುವೆ, ಹುಡುಗಿ ಸ್ಫೂರ್ತಿಗೆ ಕೆಲಸ ಇಲ್ಲೇ ಶಿವಮೊಗ್ಗದಲ್ಲಿ. ಈ ಮನೆ ಇವನಿಗೆ ಬಿಟ್ಟುಕೊಡು. ನೀನು ಭದ್ರಾವತಿಗೆ ಬಾ, ನಮ್ಮನೆ ಹಿಂಭಾಗದ ರೂಮು ಹಾಗೇ ಇದೆ."

ಕಾಫಿ ಅಂಗಿಯ ಮೇಲೆ ಚೆಲ್ಲಿದ್ದು ನನಗೆ ಗೊತ್ತೇ ಆಗಲಿಲ್ಲ. ಕಟ್ಟಿಸಿದ್ದು ಅಪ್ಪಾಜಿಯೇ ಆದರೂ, ನಾನು ಹನ್ನೊಂದು ವರ್ಷ ಬಾಳಿದ ಮನೆ.

"ಅಪ್ಪಾಜಿ, ನಮ್ಮನೆ ದೇವರು ವೀರಭದ್ರ ಅಲ್ವಾ? ರಾಮನ ಕಟ್ಟುಪಾಡು ನಮಗೆ..."

"ಪಕ್ಷಾಂತರ ಮಾಡಿದ್ದು ನೀನು ಮಾರಾಯ, ನಾನಲ್ಲ."

"ಅದೂ ಅಲ್ದೆ, ನಾನು ಈಚೆಗೆ ಸ್ವಲ್ಪ ಕೃಷ್ಣನ ಕಡೆ ವಾಲಿದ್ದೀನಿ."

ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. "ಏನಂದ್ರಿ?" ಎನ್ನುತ್ತಾ ನನ್ನ ಹೆಂಡತಿ ದಾಕ್ಷಾಯಣಿ ಬಾಗಿಲಿಗೆ ಬಂದಳು.

ತಕ್ಷಣ ರಾಮನಿಗೇ ವಾಪಸ್ಸಾದೆ. "ಏನಿಲ್ಲ. ವನವಾಸಕ್ಕೆ ಸೀತೆ ಜೊತೇಲಿ ಹೋದ್ಲು ಅಂತಿದ್ದೆ."

"ಸೀತೆ ಅಂದಿದ್ದು ಬೀದಿಯೋರು. ನಮ್ಮಪ್ಪ ಇಟ್ಟ ಹೆಸರು ದಾಕ್ಷಾಯಣಿ. ಕರೀದಿದ್ರೂ ತವರಿಗೆ ಹೋಗೋಳು ನಾನು. ಆ ರೂಮಿಂದ ಮಾವನೋರ ಮುರುಕು ಸೈಕಲ್ಲು ತೆಗೆಸಿ, ಫ್ಯಾನ್ ಹಾಕಿಸಿ, ಆಮೇಲೆ ಫೋನ್ ಮಾಡಿ."

ಮುಂದಿನ ಭಾನುವಾರ ಸಾಮಾನು ಒಂದು ದಿಕ್ಕಿಗೆ, ಸೌಭಾಗ್ಯವತಿ ಒಂದು ದಿಕ್ಕಿಗೆ ಹೊರಟಾಯಿತು. ನನಗೆ ಉಳಿದದ್ದು ಒಂದೇ ಆಸೆ. ರಾಮನಿಗೆ ಭರತ ಇರಲಿಲ್ಲವೇ? ಜ್ಞಾನೇಶನೂ ನನ್ನ ಒಡಹುಟ್ಟಿದವನು. ಕೊನೇ ಗಳಿಗೆಯಲ್ಲಿ ಅವನ ಕರುಳು ಚುರ್ ಅಂದರೆ ಮನೆ ಉಳಿದೀತು. ಅವನಿಗೆ ನೆನಪಾಗಲಿ ಅಂತಲೇ ನನ್ನ ಹೊಸ ಚಪ್ಪಲಿಯನ್ನು ಹೊಸ್ತಿಲ ಬಳಿ ಜೋಡಿಯಾಗಿ ಬಿಟ್ಟು, ಬರಿಗಾಲಲ್ಲಿ ಮೆಲ್ಲಗೆ ಗೇಟಿನ ಕಡೆ ನಡೆದೆ.

"ಅಣ್ಣಾ, ನಿಲ್ಲು."

ನಿಂತು ತಿರುಗಿದೆ. ಅವನು ಓಡಿ ಬಂದ, ಎರಡೂ ಕೈಯಲ್ಲಿ ನನ್ನ ಪಾದುಕೆ. ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ ಅಂತ ಒಂದು ಕ್ಷಣ ಕಾದೆ.

"ಚಪ್ಪಲಿ ಬಿಟ್ಟು ಹೋಗ್ತಿದ್ದೀಯಲ್ಲ" ಅಂದು ನನ್ನ ಕಾಲ ಹತ್ತಿರ ಹಾಕಿದ. "ನಾಳೆ ಸ್ಫೂರ್ತಿ ಮನೆ ನೋಡಕ್ಕೆ ಬರ್ತಾಳೆ. ಬಾಗಿಲಲ್ಲಿ ಬೇರೆಯೋರ ಚಪ್ಪಲಿ ಇದ್ರೆ ಅವಳಿಗೆ ಆಗಲ್ಲ."

ಮೆಟ್ಟಿಕೊಂಡೆ. ಬೀಗದ ಕೈಯನ್ನು ಅವನು ಕೇಳುವ ಮೊದಲೇ ಕೊಟ್ಟು, ಹೊರಗಿನಿಂದ ನಾನೇ ಗೇಟು ಹಾಕಿ ಹೊರಟೆ.