ಬಸಂತರಾಯನ ರಕ್ತದ ನಡುಕ

ಬಸಂತರಾಯನ ಫಜೀತಿ ಶುರುವಾದದ್ದು ಒಂದು ಸೂಜಿಯಿಂದ. ಮುದ್ದೇಬಿಹಾಳದ ಕಾಲೇಜಿನಲ್ಲಿ ಅವನು ಭೌತಶಾಸ್ತ್ರದ ಮಾಸ್ತರ. ವಯಸ್ಸು ಮೂವತ್ತೆರಡು, ಕೈತಪ್ಪಿದ ಕನ್ಯೆಗಳು ನಾಲ್ಕು. ಐದನೆಯವಳು ತಾಳಿಕೋಟೆಯ ಇಂದುಬಾಯಿ. ಅವಳನ್ನು ನೋಡಿ ಬಂದ ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಇವತ್ತು ಅವಳ ಅಪ್ಪ ಶಂಕ್ರೆಪ್ಪ ಮಾತು ಮುಗಿಸಲು ಬರುವವರಿದ್ದರು.

ಎದೆಬಡಿತ ಮರೆಯಲೆಂದು ಬಸಂತರಾಯ ಬೆಳಿಗ್ಗೆಯೇ ಲ್ಯಾಬಿಗೆ ಬಂದು, ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಉಪ್ಪುನೀರಿನಲ್ಲಿ ಕಲಸಿ ಸೂಕ್ಷ್ಮದರ್ಶಕದ ಕೆಳಗಿಟ್ಟ. ಆ ವರ್ಷ, ಅಂದರೆ ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ, ವಿಜ್ಞಾನ ಪತ್ರಿಕೆಯೊಂದರಲ್ಲಿ ಅವನು ಹೊಸದಾಗಿ ಓದಿದ್ದು ನಿಜವೇ ಆಗಿತ್ತು. ಕೆಂಪು ಕಣದ ತೆಳ್ಳನೆಯ ಪೊರೆ, ಅರ್ಧ ಗಾಳಿ ತುಂಬಿದ ಚೆಂಡಿನಂತೆ ಸಡಿಲವಾಗಿ, ಬರೀ ಶಾಖಕ್ಕೇ ಥರಥರ ಅಲುಗುತ್ತಿತ್ತು.

ಜವಾನ ಮಾಳಿಂಗಪ್ಪನೂ ಇಣುಕಿದ. "ಯಪ್ಪಾ! ಸರ, ನಿಮ್ಮ ರಕ್ತ ನಡಗಾಕತ್ತೈತ್ರಿ!"

"ಎಲ್ಲಾರದೂ ಹಂಗ ಇರತೈತೋ ಮಾರಾಯ!"

ಮಾಳಿಂಗಪ್ಪ ಕೇಳಿಸಿಕೊಂಡದ್ದು ಅರ್ಧ. ಅದನ್ನೇ ಚಹಾದಂಗಡಿಗೆ ಒಯ್ದ. ಅಲ್ಲಿ ಬಸ್ಸಿಳಿದು ಕೂತಿದ್ದವರು ಬೇರೆ ಯಾರೂ ಅಲ್ಲ, ಶಂಕ್ರೆಪ್ಪನವರೇ. ಕಪ್ಪು-ಬಸಿ ಅಲ್ಲೇ ಬಿಟ್ಟು ಎದ್ದರು. ಅವರಿಗಿಂತ ಮೊದಲೇ ಓಡಿಬಂದ ಮಾಳಿಂಗಪ್ಪ ಮೇಜು ಒರೆಸಿ, ಉಪ್ಪುನೀರಿನ ಬಾಟಲಿ ತುಂಬಿಸಿ ಇಟ್ಟ.

"ಮಾಸ್ತರ, ನಿಮ್ಮ ರಕ್ತದಾಗ ನಡುಕ ಐತಂತಲ್ಲಾ, ಖರೇ ಏನ್ರಿ?" ಎಂದರು ಶಂಕ್ರೆಪ್ಪ.

ಬಸಂತರಾಯ ಸೂಜಿ ಎತ್ತಿಕೊಂಡ. "ರೋಗ ಅಲ್ರೀ ಅದು. ಬೇಕಾದ್ರ ನಿಮ್ಮದೂ ಒಂದು ಹನಿ ಕೊಡ್ರಿ, ನೋಡೂಣು."

ಚುಚ್ಚಿ ನೋಡಿದರೆ ಶಂಕ್ರೆಪ್ಪನವರ ಕಣಗಳು ಗುಂಡಗೆ ಉಬ್ಬಿ ಕಲ್ಲಿನಂತೆ ಕೂತಿದ್ದವು. ಒಂದಾದರೂ ಮಿಸುಕಲಿಲ್ಲ.

"ನೋಡ್ರಿ, ಗಂಡಸಿನ ರಕ್ತ!" ಎಂದು ಅವರು ಮೀಸೆ ತೀಡಿ ಹೊರಟೇಬಿಟ್ಟರು.

ಬಸಂತರಾಯನಿಗೆ ಇಂದುಬಾಯಿಯೂ ಕೈತಪ್ಪಿದಳೆಂದೇ ಅನ್ನಿಸಿತು. ಉಪ್ಪುನೀರಿನ ಬಾಟಲಿಯನ್ನು ಬೆಳಕಿಗೆ ಹಿಡಿದ. "ಮಾಳಿಂಗಪ್ಪ, ಈ ಬಾಟಲಿಯೊಳಗ ಏನ್ ಹಾಕಿದಿ?"

"ಬೀಗರು ಬಂದಾರಂತ ಅರ್ಧ ಉಪ್ಪುನೀರು ಚೆಲ್ಲಿ, ತಂಗಡಗಿಯಿಂದ ತಂದ ಕೃಷ್ಣಾ ಹೊಳಿ ನೀರು ತುಂಬೇನ್ರಿ. ಪವಿತ್ರ ಅದು!"

ಬಸಂತರಾಯನಿಗೆ ಹೋದ ಜೀವ ಬಂತು. ಉಪ್ಪು ಸಾಲದ ನೀರು ಹೀರಿ ಕಣಗಳು ಬಿರಿಯುವಂತೆ ಉಬ್ಬಿವೆ, ಬಿಗಿದ ಪೊರೆ ಅಲುಗುವುದಾದರೂ ಹೇಗೆ? ಓಡಿಹೋಗಿ ಶಂಕ್ರೆಪ್ಪನವರನ್ನು ಕೈಹಿಡಿದು ಕರೆತಂದ. ಹೊಸ ಉಪ್ಪುನೀರು ಮಾಡಿ, ಇನ್ನೊಂದು ಹನಿ ಪಡೆದು, ಇಬ್ಬರ ರಕ್ತವನ್ನೂ ಒಂದಾದ ಮೇಲೊಂದು ತೋರಿಸಿದ. ಎರಡೂ ಒಂದೇ ರೀತಿ ನಡುಗುತ್ತಿದ್ದವು.

"ನೋಡಿದ್ರಿ? ನಿಮ್ಮ ರಕ್ತ, ನನ್ನ ರಕ್ತ, ತುಸುನೂ ಫರಕಿಲ್ಲ!"

ಶಂಕ್ರೆಪ್ಪ ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿ ಬಂತು. ಎದ್ದು ಬಸಂತರಾಯನನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಲಗ್ನ ಗಟ್ಟಿಯಾಯಿತೆಂದು ಬಸಂತರಾಯನಿಗೂ ಅಳು ಬಂತು.

"ದೊಡ್ಡ ಪಾಪ ತಪ್ಪಿಸಿದ್ರಿ ಮಾಸ್ತರ. ನಿಮ್ಮವ್ವ ನಿಮ್ಮ ಬೆಡಗು, ಅಂದ್ರ ಗೋತ್ರ, ನಮ್ಮದಕ್ಕಿಂತ ಬ್ಯಾರೇ ಅಂದಿದ್ಲು. ರಕ್ತ ಒಂದೇ ಅಂದ್ರ ಬೆಡಗೂ ಒಂದೇ. ಒಂದೇ ಬೆಡಗಿನ್ಯಾಗ ಹೆಣ್ಣು ಹ್ಯಾಂಗ ಕೊಡೂದ್ರಿ?" ಎಂದು ಶಂಕ್ರೆಪ್ಪ ಬೆನ್ನು ತಟ್ಟಿದರು. "ಐತವಾರ ಮನಿಗೆ ಬರ್ರಿ. ಇಂದೂನ ನೋಡಾಕ ಇಂಡಿ ಊರಿಂದ ಒಂದು ಗಂಡು ಬರಾಕತ್ತೈತಿ. ಅಣ್ಣ ಆದವರು ನೀವ ಮುಂದ ನಿಂತು ಮಾಡಬೇಕು."