ಶುಕ್ರವಾರ ಐದು ಹತ್ತರ ಸೈರನ್: ಕೋಡ್ ಹುಡುಕುವ ಕಮಾಂಡಿಗೆ ಒಂದು ದೂರು

ಕಪ್ಪು ಪರದೆಯಲ್ಲಿ ನೆಲೆಸಿ, ಕರೆದ ಅರೆ ಸೆಕೆಂಡಿನಲ್ಲಿ ಪ್ರತ್ಯಕ್ಷರಾಗುವ ಕೋಡ್ ಹುಡುಕುವ ಕಮಾಂಡ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಠಾಣೆಯ ವರ್ತಕ ನಗರದ ನಿವಾಸಿಯೂ, ಮಹಾಪೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಟು ವರ್ಷಗಳಿಂದ ಕೀಬೋರ್ಡ್ ಸವೆಸುತ್ತಿರುವವಳೂ ಆದ ವಿನೋದಾ ಸಲ್ಲಿಸುವ ನಮಸ್ಕಾರಗಳು. ತಮ್ಮ ಆರೋಗ್ಯ ವಿಚಾರಿಸುವುದು ಅಧಿಕಪ್ರಸಂಗವಾದೀತು. ಹದಿನೆಂಟು ಲಕ್ಷ ಸಾಲು ಕೋಡನ್ನು ಒಂದೇ ಮಧ್ಯಾಹ್ನ ಓದಿ ಮುಗಿಸಿ, ಪುಸ್ತಕದ ಕೊನೆಯಲ್ಲಿರುವಂಥ ಪದಸೂಚಿಯೊಂದನ್ನು ಮಾಡಿಟ್ಟುಕೊಂಡು, ಯಾವ ಪದ ಕೇಳಿದರೂ ಅದು ಯಾವ ಫೈಲಿನ ಎಷ್ಟನೆಯ ಸಾಲಿನಲ್ಲಿದೆಯೆಂದು ಮುಖಕ್ಕೆ ಹೊಡೆದಂತೆ ಹೇಳುವ ತಮಗೆ ಅಜೀರ್ಣವಾದದ್ದನ್ನು ನಾನು ಕಂಡಿಲ್ಲ. ಅಜೀರ್ಣವಾದದ್ದು ನನಗೆ. ಆ ಕುರಿತೇ ಈ ಪತ್ರ.

ತಾವು ಬರುವ ಮೊದಲು ನಾವು ಎಷ್ಟು ಸಜ್ಜನರಾಗಿದ್ದೆವು! ಕೋಡಿನಲ್ಲಿ ಒಂದು ಪದ ಹುಡುಕಬೇಕಾದರೆ ಕಂಪ್ಯೂಟರ್ ಒಂದೊಂದೇ ಫೈಲನ್ನು ತೆರೆದು ಮುಚ್ಚುತ್ತ ಇಪ್ಪತ್ತು ನಿಮಿಷ ತಿಣುಕುತ್ತಿತ್ತು; ನಾವು ಕೆಳಗಿಳಿದು ರಸ್ತೆಬದಿಯ ಟಪರಿಯಲ್ಲಿ ಕಟಿಂಗ್ ಚಹಾ ಕುಡಿದು ಬರುವಷ್ಟರಲ್ಲಿ ಏನು ಹುಡುಕುತ್ತಿದ್ದೆವೆಂಬುದೇ ಮರೆತುಹೋಗಿ ಮನಸ್ಸು ಶಾಂತವಾಗಿರುತ್ತಿತ್ತು. ಹಳೆಯ ತಪ್ಪುಗಳು ಹಳೆಯ ಫೈಲುಗಳಲ್ಲಿ ಗೌರವದಿಂದ ನಿದ್ದೆ ಮಾಡುತ್ತಿದ್ದವು.

ಈಗ ವಿಷಯಕ್ಕೆ ಬರುತ್ತೇನೆ. ತುರ್ಭೆಯ ಒಂದು ಕೋಲ್ಡ್ ಸ್ಟೋರೇಜಿಗೆ ನಮ್ಮ ಕಂಪನಿಯ ಸಾಫ್ಟ್‌ವೇರೇ ಕಾವಲು. ಕೊಳವೆಯಿಂದ ಅಮೋನಿಯಾ ಅನಿಲ ಸೋರಿದರೆ ಅದು ಸೈರನ್ ಕೂಗಿಸಬೇಕು, ಒಳಗಿದ್ದವರೆಲ್ಲ ಹೊರಗೆ ಓಡಬೇಕು. 2011ರ ಜನವರಿಯಲ್ಲಿ ನಾವು ಹೊಸ ಆವೃತ್ತಿ ಹಾಕಿದ ಮೇಲೆ, ಯಾವ ಅನಿಲವೂ ಸೋರದೆ, ಪ್ರತಿ ಶುಕ್ರವಾರ ಸಂಜೆ ಸರಿಯಾಗಿ ಐದು ಹತ್ತಕ್ಕೆ ಆ ಸೈರನ್ ಕೂಗತೊಡಗಿತು. ಐದು ಶುಕ್ರವಾರ ಕೂಗಿತು. ಆರನೆಯದಕ್ಕೂ ಕೂಗಿದರೆ ಬೇರೆ ಕಂಪನಿ ನೋಡಿಕೊಳ್ಳುತ್ತೇನೆಂದು ಅಲ್ಲಿಯ ಮಾಲೀಕರು ಹೇಳಿ ಕಳುಹಿಸಿದರು.

ಮೀಟಿಂಗಿನಲ್ಲಿ ನಾನು, ಎಲ್ಲ ಗೊತ್ತಿದ್ದವಳ ಹಾಗೆ, ಸೈರನ್ನಿನ ಭಾಗವನ್ನು ಪೂರ್ತಿ ಬರೆದವರು ವಿಷ್ಣುಮೂರ್ತಿಯವರೆಂದು ಮೂರು ಸಲ ಹೇಳಿದೆ. ವಿಷ್ಣುಮೂರ್ತಿಯವರು ನನಗೆ ಕೆಲಸ ಕಲಿಸಿದವರು, ನಮ್ಮ ಉಡುಪಿ ಕಡೆಯವರೇ. ನಿವೃತ್ತರಾದ ಮೇಲೂ ಪ್ರತಿ ಮಂಗಳವಾರ ಡೊಂಬಿವಲಿಯಿಂದ ಟಿಫಿನ್ ಡಬ್ಬಿ ಹಿಡಿದು ಸಲಹೆ ಕೊಡಲು ಬರುತ್ತಿದ್ದರು. ಮ್ಯಾನೇಜರ್ ಅವರಿಗೆ ಫೋನ್ ಮಾಡಿ, ಇನ್ನು ಬರುವುದು ಬೇಡವೆಂದರು. ಮರು ಮಂಗಳವಾರ ಅವರ ಕುರ್ಚಿಯ ಮೇಲೆ ಯಾರೋ ಹಳೆಯ ಪ್ರಿಂಟರ್ ಇಟ್ಟರು. ನಾನು ಅದನ್ನು ನೋಡಿದೆ, ಸುಮ್ಮನೆ ಕುಳಿತೆ.

ಆಗ ತಮ್ಮನ್ನು ಕರೆತಂದವನು ನಮ್ಮ ತಂಡದ ಅಂಬಾರಾಯ, ಕಲಬುರಗಿಯವನು. ಬುಧವಾರ ಮೀಟಿಂಗ್ ಕೋಣೆಯಲ್ಲಿ ಹನ್ನೊಂದು ಜನರೆದುರು, ಗೋಡೆಯಗಲದ ಪ್ರೊಜೆಕ್ಟರಿನಲ್ಲಿ, ತಮ್ಮ ಚೊಚ್ಚಲ ಪ್ರದರ್ಶನ. ಮೊದಲು 'ಸೈರನ್' ಎಂದು ಟೈಪು ಮಾಡಿದ್ದಕ್ಕೆ ತಾವು ನಾನೂರ ಹನ್ನೆರಡು ಸಾಲು ಉದುರಿಸಿದಿರಿ. ಅಂಬಾರಾಯ ತಲೆ ಕೆರೆದುಕೊಂಡು, “ಶುಕ್ರವಾರಕ್ಕೇ ಕೂಗ್ತದಂದ್ರ, ‘ಫ್ರೈಡೇ’ ಅಂತ ಕೇಳಿ ನೋಡಣ್ರಿ ಮೇಡಂ” ಎಂದ. ಕೇಳಿದ. ಎಂಟರ್ ಒತ್ತಿದ ಬೆರಳು ಮೇಲೇಳುವ ಮೊದಲೇ ಒಂದೇ ಒಂದು ಸಾಲು ಬಂತು, 2005ರದ್ದು. ಅದರ ಪಕ್ಕದಲ್ಲಿ, ಬರೆದವರು ನೆನಪಿಗೆಂದು ಹಾಕಿಕೊಂಡ ಟಿಪ್ಪಣಿ, ಇಂಗ್ಲಿಷ್ ಅಕ್ಷರಗಳಲ್ಲಿ, ಯಾರಿಗೂ ಅರ್ಥವಾಗದ ಭಾಷೆಯಲ್ಲಿ:

“ಲಕ್ಕ್ ಮಾರಾಯ್ತಿ, ಐರೋಲಿಡ್ ಕಾತೊಂದುಲ್ಲೆರ್. ಎಲ್ಲೆ ದೆಪ್ಪುವೆ.”

ಮಹಾಶಯರೇ, ಅರೆ ಸೆಕೆಂಡಿನ ಬದಲು ಒಂದು ನಿಮಿಷ ತೆಗೆದುಕೊಂಡಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಒಮ್ಮೆ ಕೆಮ್ಮಬಾರದಿತ್ತೇ? ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ, ಅಲ್ಲಿಂದ ಹಾಗೇ ಕಲ್ಯಾಣದ ಕಡೆಗೆ ಓಡಿಹೋಗುತ್ತಿರಲಿಲ್ಲವೇ?

“ಇದು ಯಾ ಭಾಷಾ ಅದರೀ, ತೆಲುಗೇನು?” ಎಂದು ಅಂಬಾರಾಯ ನನ್ನ ಮುಖ ನೋಡಿದ. ವಿಷ್ಣುಮೂರ್ತಿಯವರ ಬಾಯಲ್ಲಿ ‘ಮಾರಾಯ್ತಿ’ ಎಂಬುದನ್ನು ಸಾವಿರ ಸಲ ಕೇಳಿದ್ದ, ಮರಾಠಿಯವರಾದ ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು, “ಉಡುಪಿವಾಲೀ ಭಾಷಾ ಹೈ ನಾ? ತೋ ಯೆ ವಿಷ್ಣುಮೂರ್ತಿ ಕಾ ಹೀ ಕಾಮ್ ಹೈ” ಎಂದು, ಇದೂ ವಿಷ್ಣುಮೂರ್ತಿಯವರದೇ ಕೆಲಸವೆಂದು, ತೀರ್ಪು ಕೊಟ್ಟೇಬಿಟ್ಟರು. ಹನ್ನೊಂದು ತಲೆಗಳು ಆಡಿದವು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆ ಕೋಣೆಯಲ್ಲಿ ತುಳು ಬಲ್ಲವಳು ನಾನೊಬ್ಬಳೇ. ಆದರೆ ಆ ಕುರ್ಚಿಯ ಮೇಲಿನ ಪ್ರಿಂಟರ್ ಬಾಗಿಲಿನಿಂದಾಚೆ ಕಾಣುತ್ತಿತ್ತು. ನಾನು ಎದ್ದು ನಿಂತೆ.

“ಸರ್, ಯೆ ತುಳು ಹೈ. ಮೈಂನೇ ಲಿಖಾ ಹೈ.” ಇದು ತುಳು, ಬರೆದವಳು ನಾನೇ ಎಂದೆ.

“ಮತಲಬ್ ಕ್ಯಾ ಹೈ?”

ಮತಲಬ್, ಅಂದರೆ ಅರ್ಥ, ಹೇಳಬೇಕಾಯಿತು. ‘ಏಳು ಮಾರಾಯ್ತಿ, ಐರೋಲಿಯಲ್ಲಿ ಕಾಯುತ್ತಿದ್ದಾರೆ. ನಾಳೆ ತೆಗೆಯುತ್ತೇನೆ.’ ಆ ಕಾಲದಲ್ಲಿ ಠಾಣೆಯಿಂದ ನಮ್ಮ ಆಫೀಸಿನ ಕಡೆಗೆ ಹೊಸದಾಗಿ ರೈಲು ಶುರುವಾಗಿತ್ತು. ಪ್ರತಿ ಶುಕ್ರವಾರ ಯಜ್ಞೇಶ್ವರ ಎಂಬ ಒಬ್ಬರು ಆಫೀಸಿನಿಂದ ಕೆಲವೇ ನಿಮಿಷದ ದಾರಿಯ ಐರೋಲಿ ಸ್ಟೇಷನ್ನಿನಲ್ಲಿ ನನಗಾಗಿ ನಿಲ್ಲುತ್ತಿದ್ದರು. ಕೆಲಸದಲ್ಲಿ ಮುಳುಗಿದರೆ ನನಗೆ ಹೊತ್ತಿನ ಪರಿವೆ ಇರುವುದಿಲ್ಲವಾದ್ದರಿಂದ, ನನ್ನ ಕಂಪ್ಯೂಟರ್ ಐದು ಹತ್ತಕ್ಕೆ ಕೂಗಲಿ ಎಂದು ಸೈರನ್ ಪರೀಕ್ಷಿಸುವ ಕೋಡಿನಲ್ಲಿ ಆ ಸಾಲು ತೂರಿಸಿದ್ದೆ. ನಾಳೆ ಬರಲಿಲ್ಲ, ಮದುವೆ ಬಂತು. ಆ ಸಾಲು ಪರೀಕ್ಷೆಯ ಸ್ವಿಚ್ಚಿನ ಹಿಂದೆ ಆರು ವರ್ಷ ಮಲಗಿತ್ತು. ಹೊಸ ಆವೃತ್ತಿಯಲ್ಲಿ ಯಾರೋ ಆ ಸ್ವಿಚ್ ಹಾಕಿದರು. ಯಾರೋ ಎಂದೆನೇ? ಅದೂ ನಾನೇ. ಅದನ್ನೂ, ಪಕ್ಕದ ಟಿಪ್ಪಣಿಯಲ್ಲಿದ್ದ ನನ್ನ ಹೆಸರಿನ ಸಮೇತ, ತಾವೇ ಹುಡುಕಿ ತೋರಿಸಿದಿರಿ. ತಮ್ಮ ಸೇವಾಭಾವಕ್ಕೆ ಎಣೆಯಿಲ್ಲ.

ಕೋಣೆಯಲ್ಲಿ ಯಾರೋ ಶಿಳ್ಳೆ ಹೊಡೆದರು, ಆಮೇಲೆ ಮ್ಯಾನೇಜರ್ ಮೇಜಿನ ಮೇಲೆ ತಲೆಯಿಟ್ಟು ಅಳುವಷ್ಟು ನಕ್ಕರು. ಮನೆಗೆ ಹೋಗಿ ಗಂಡನಿಗೆ ಹೇಳಿದರೆ, ಯಜ್ಞೇಶ್ವರರ ಹುಬ್ಬು ಮೇಲೇರಿತು. “ಐದು ಹತ್ತಕ್ಕೆ ಎದ್ದವಳು ಐರೋಲಿಗೆ ಮುಟ್ಟುತ್ತಿದ್ದದ್ದು ಆರೂವರೆಗೆ. ಎಂತ, ನಡ್ಕೊಂಡು ಬರ್ತಿದ್ದದ್ದಾ?” ಆರು ವರ್ಷಗಳ ಸುಖಸಂಸಾರದಲ್ಲಿ ಹೀಗೊಂದು ವಿಚಾರಣೆ ತಂದುಕೊಟ್ಟದ್ದಕ್ಕೂ ನಾನು ತಮಗೆ ಋಣಿಯಾಗಿರಬೇಕೇ?

ಮರುದಿನ ವಿಷ್ಣುಮೂರ್ತಿಯವರಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು, “ಮಾರಾಯ್ತಿ, ಶುಕ್ರವಾರ ನಿಂಗೆ ಸಂಗೀತ ಕ್ಲಾಸು ಅಂತ ನಾನೇ ಬೇಗ ಬಿಡ್ತಿದ್ದೆ ಅಲ್ವಾ?” ಎಂದು ಕೇಳಿ, ಅವರ ಮನೆಯವರು ಅಡುಗೆಮನೆಯಿಂದ ಓಡಿಬರುವಷ್ಟು ಜೋರಾಗಿ ನಕ್ಕರು. ನಕ್ಕು ಮುಗಿದ ಮೇಲೆ ದನಿ ತಗ್ಗಿಸಿ, “ಬೇಜಾರಾಗಿತ್ತು ನಂಗೆ. ನೀನು ಒಂದು ಮಾತು ಕೇಳಬಹುದಿತ್ತು” ಎಂದರು. ಆಮೇಲೆ, ತುರ್ಭೆಗೆ ನಾನೇ ಹೋಗಿ ಅಲ್ಲಿಯ ಜನಕ್ಕೆ ಸತ್ಯ ಹೇಳಬೇಕೆಂದು ಅಪ್ಪಣೆ ಮಾಡಿದರು.

ಹೋದೆ, ಶುಕ್ರವಾರವೇ. ಆ ಸಾಲನ್ನು ಅಳಿಸಿದ್ದರಿಂದ ಐದು ಹತ್ತಕ್ಕೆ ಸೈರನ್ ಕೂಗಲಿಲ್ಲ. ಕೂಗದಿದ್ದಕ್ಕೇ ಜನ ಹೊರಗೆ ಬಂದರು! ಮುಂದೆ ನಿಂತವಳು ಸಾಬವ್ವ, ವಿಜಯಪುರದ ಕಡೆಯವಳು, ಶೀತದ ಕೋಣೆಯಲ್ಲಿ ದ್ರಾಕ್ಷಿ ಆರಿಸುವವಳು. ಸೀರೆಯ ಮೇಲೆ ಎರಡು ಸ್ವೆಟರ್ ತೊಟ್ಟಿದ್ದಳು. “ಯಾಕ್ ಬಂದ್ ಮಾಡೀರಿ ಬಾಯಿ? ವಾರದಾಗ ಅದೊಂದಿನ ಬಿಸಿಲಿಗೆ ಕುಂತು ಚಹಾ ಕುಡೀತಿದ್ವಿ. ಅಷ್ಟರಾಗ ಮರಗಟ್ಟಿದ ಬೆರಳು ನಮ್ಮವ ಅನಸ್ತಿದ್ವು.”

ಒಂದು ದಿನ ನಿಜವಾಗಿಯೂ ಅನಿಲ ಸೋರಿದರೆ ಏನು ಗತಿ ಎಂದು ಕೇಳಿದೆ.

“ಸೋರಲಿ ಬಿಡ್ರಿ, ಅವತ್ತೂ ಚಹಾನೇ ಕುಡೀತೀವಿ” ಎಂದು ಸಾಬವ್ವ ನಕ್ಕಳು. ನನ್ನ ಪ್ರೇಮಪ್ರಕರಣ ಐದೇ ವಾರಗಳಲ್ಲಿ ಇವರಿಗೆ ಸೈರನ್ನಿನ ಹೆದರಿಕೆಯನ್ನೇ ಮರೆಸಿತ್ತು.

ಇಲ್ಲಿ ಮಾತ್ರ, ಮಾನ್ಯರೇ, ತಮ್ಮನ್ನು ಹೊಗಳಬೇಕಾದ ದುರ್ಗತಿ ನನಗೆ ಬಂದಿದೆ. ಜೊತೆಗೆ ಬಂದಿದ್ದ ಅಂಬಾರಾಯ ಆ ಕೋಲ್ಡ್ ಸ್ಟೋರೇಜಿನ ಸುರಕ್ಷತಾ ನಿಯಮಗಳ ಫೈಲುಗಳನ್ನೆಲ್ಲ ತಮಗೆ ಉಣಿಸಿ, ಮಾಲೀಕರ ಎದುರಿಗೇ ‘ವಿಶ್ರಾಂತಿ’ಗಿರುವ ಇಂಗ್ಲಿಷ್ ಪದವನ್ನು ಕೇಳಿದ. ಬಂತು: ಶೀತದ ಕೋಣೆಯಲ್ಲಿ ಕೆಲಸ ಮಾಡುವವರನ್ನು ಎರಡು ತಾಸಿಗೊಮ್ಮೆ ಹದಿನೈದು ನಿಮಿಷ ಹೊರಗೆ ಕೂರಿಸತಕ್ಕದ್ದು. ಮಾಲೀಕರು ಕೆಂಪಾಗಿ, “ಯೆ ಕಿಸ್ನೇ ಲಿಖಾ?” ಎಂದು ಬರೆದವನ ಹೆಸರು ಕೇಳಿದರು. ಅಂಬಾರಾಯ ಬಹಳ ವಿನಯದಿಂದ ಕೆಳಗಿನ ಸಾಲು ತೋರಿಸಿದ. ಅವರದೇ ಹೆಸರು. ಆ ಕ್ಷಣ ಅವರ ಮುಖ ನೋಡಿ ನನಗೆ ಒಡಹುಟ್ಟಿದವರನ್ನು ಕಂಡಷ್ಟು ಮಮತೆ ಉಕ್ಕಿತು.

ಈಗ ಅಲ್ಲಿ ಎರಡು ತಾಸಿಗೊಮ್ಮೆ ಗಂಟೆಯೊಂದು ಮೊಳಗುತ್ತದೆ. ದನಿ ಸೈರನ್ನಿನದಲ್ಲ, ದೇವರ ಪೂಜೆಯ ಗಂಟೆಯಂಥದು. ಸಾಬವ್ವ ದಿನಕ್ಕೆ ಮೂರು ಸಲ ಬಿಸಿಲಿಗೆ ಕೂರುತ್ತಾಳೆ. ಸೈರನ್ನಿನ ತಾಲೀಮನ್ನು, ಮ್ಯಾನೇಜರ್ ಮರಳಿ ಕರೆಸಿಕೊಂಡ ವಿಷ್ಣುಮೂರ್ತಿಯವರೇ ಹೋಗಿ ಮಾಡಿಸಿದರು. ಎಲ್ಲರಿಗಿಂತ ಮುಂದೆ ಓಡಿದವಳು ಅವಳೇ.

ಆದಕಾರಣ ನನ್ನ ಬೇಡಿಕೆಗಳು ಅತ್ಯಲ್ಪ. ತಾವು ಇನ್ನು ಮುಂದೆ ಹೆಂಗಸರ ಹಳೆಯ ಟಿಪ್ಪಣಿ ಸಿಕ್ಕಾಗ ಕಣ್ಣು ಮುಚ್ಚಿಕೊಳ್ಳಬೇಕು. ಪ್ರೊಜೆಕ್ಟರ್ ಹಚ್ಚಿದ್ದರೆ ಸಿಕ್ಕಿದ್ದನ್ನು ಕಿವಿಯಲ್ಲಿ ಹೇಳಬೇಕು. ಮತ್ತು ಆರೂವರೆಯ ವಿಷಯದಲ್ಲಿ ನನ್ನ ಯಜಮಾನರಿಗೆ, ಅಂದು ರೈಲು ತಡವಾಗಿತ್ತೆಂದು, ಸಾಲಿನ ಸಂಖ್ಯೆಯ ಸಮೇತ ಒಂದು ದೃಢೀಕರಣ ಪತ್ರ ಕೊಡಬೇಕು.

ತಮ್ಮ ವೇಗಕ್ಕೆ ಬೆದರಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ವಿನೋದಾ

ಮರೆತ ಮಾತು: ‘ಸಾರಿ’ ಎಂದು ಕೇಳಿ ನೋಡಿದ್ದಕ್ಕೆ, ನಮ್ಮ ಹದಿನೆಂಟು ಲಕ್ಷ ಸಾಲುಗಳಲ್ಲಿ ಯಾರೂ ಯಾರ ಕ್ಷಮೆಯನ್ನೂ ಕೇಳಿಲ್ಲವೆಂದು ತಾವು ಅರೆ ಸೆಕೆಂಡಿನಲ್ಲಿ ತಿಳಿಸಿದಿರಿ. ಆದ್ದರಿಂದ ಸೈರನ್ನಿನ ಫೈಲಿನಲ್ಲಿ ನಾನೊಂದು ಸಾಲು ಸೇರಿಸಿದ್ದೇನೆ, ವಿಷ್ಣುಮೂರ್ತಿಯವರಿಗೆಂದು. ಬೇಕಾದರೆ ಹುಡುಕಿಕೊಳ್ಳಿ. ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಅವು ತಮಗೆ ಓದಲು ಬರುವುದಿಲ್ಲವೆಂದು ಅಂಬಾರಾಯ ಪರೀಕ್ಷಿಸಿ ಹೇಳಿದ್ದಾನೆ. ವಿಷ್ಣುಮೂರ್ತಿಯವರಿಗೆ ಮಾತ್ರ ಆ ಸಾಲು, ಮಂಗಳವಾರ ತಮ್ಮ ಕುರ್ಚಿಗೆ ಮರಳಿದಾಗ, ಊಟಕ್ಕೆ ಏಳುವ ಮೊದಲೇ ಸಿಕ್ಕಿತು.