ನೋಯಲಾರದ ಹಲ್ಲಿಗೆ ಒಬ್ಬ ದರ್ಜಿಯ ದೂರು

ಮಾನ್ಯರೇ,

ಮೇಲ್ದವಡೆಯ ಮುಂಭಾಗದಲ್ಲಿ ತಿರುಪು ಬಿಗಿಸಿಕೊಂಡು ವಿರಾಜಮಾನರಾಗಿರುವ ಕೃತಕ ದಂತ ಮಹಾಶಯರಾದ ತಮಗೆ, ತಮ್ಮನ್ನು ಬಾಯಲ್ಲಿಟ್ಟುಕೊಂಡು ಓಡಾಡುವ ದರ್ಜಿಯಾದ ನನ್ನ ನಮಸ್ಕಾರಗಳು. ಅಡ್ಡಬಿದ್ದೇ ನಮಸ್ಕರಿಸಬೇಕೆಂದಿದ್ದೆ, ಆಯತಪ್ಪಿದರೆ ಮೊದಲ ಪೆಟ್ಟು ತಮಗೇ ಬೀಳುವುದರಿಂದ ನಿಂತಲ್ಲೇ ಕೈಮುಗಿದಿದ್ದೇನೆ. ನಾನು ಕ್ಷೇಮ. ತಮ್ಮ ಕ್ಷೇಮವನ್ನು ತಮ್ಮಿಂದಲೇ ಕೇಳಿ ತಿಳಿಯೋಣವೆಂದರೆ ತಾವು ಏನನ್ನೂ ಹೇಳುವವರಲ್ಲ, ಮತ್ತು ನನ್ನ ದೂರು ಇರುವುದೇ ಆ ವಿಷಯದಲ್ಲಿ. ಗಿರಾಕಿಗಳು ಕೋಟು ತೊಟ್ಟು ನೋಡಿಕೊಳ್ಳುವ ನಿಲುವುಗನ್ನಡಿಯ ಪಕ್ಕ ಈ ಪತ್ರವನ್ನು ಅಂಟಿಸಲಿರುವುದರಿಂದ, ನಮ್ಮಿಬ್ಬರ ನ್ಯಾಯವನ್ನು ಊರೇ ತೀರ್ಮಾನಿಸಲಿ.

ತಮಗಿಂತ ಮೊದಲು ಆ ಸ್ಥಾನದಲ್ಲಿದ್ದವರು ನನ್ನ ಸ್ವಂತ ಹಲ್ಲು. ಕತ್ತರಿ ಕೈಗೆ ಸಿಗುವಂತೆಯೇ ಮೇಜಿನ ಮೇಲೆ ಬಿದ್ದಿರುತ್ತಿದ್ದರೂ, ಹೊಲಿಗೆ ಮುಗಿದ ಕೂಡಲೇ ಬಾಗಿ ದಾರವನ್ನು ಕಟಕ್ಕನೆ ಕಚ್ಚಿ ತುಂಡರಿಸುವುದೇ ಕಸುಬುದಾರನ ಗತ್ತು ಎಂದು ನಂಬಿದ್ದ ನಾನು, ಅವರನ್ನು ಬದುಕಿಡೀ ಕತ್ತರಿಯ ಬದಲಿಗೆ ದುಡಿಸಿ, ಕೊನೆಗೆ ಒಂದು ದಪ್ಪ ಓವರ್‌ಕೋಟಿನ ಗುಂಡಿಯ ದಾರ ಕಚ್ಚಿಸಿ ಬುಡದವರೆಗೆ ಸೀಳಿಬಿಟ್ಟೆ. ಆದರೆ ಅವರಲ್ಲೊಂದು ಗುಣವಿತ್ತು: ಕಷ್ಟ ಬಂದರೆ ಸುಮ್ಮನಿರುತ್ತಿರಲಿಲ್ಲ. ತಣ್ಣೀರು ಸೋಕಿದರೂ ಜುಮ್ಮೆಂದು ನೆತ್ತಿಯವರೆಗೆ ಸುದ್ದಿ ಮುಟ್ಟಿಸುತ್ತಿದ್ದರು. ಅಲ್ಲಿಂದಾಚೆ ಇಡೀ ಬೀದಿಗೆ ಮುಟ್ಟಿಸುವ ಹೊಣೆ ನನ್ನದಾಗಿತ್ತು.

ನನ್ನ ಮನೆಯಾಕೆಯನ್ನು ತಾವು ಬಲ್ಲಿರಿ, ಓದುವವರಿಗಾಗಿ ಹೇಳುತ್ತೇನೆ. ಮೇಜಿನ ಆಚೆ ಬದಿ ಕೂತು ಗುಂಡಿ ಹಚ್ಚುವ, ಗುಂಡಿ ತೂರುವ ಕಾಜಾ ಹೊಲಿಯುವ ಆಕೆಗೆ ಹಿಂದೊಮ್ಮೆ ಬಂದ ಜ್ವರದಲ್ಲಿ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಅಂದಿನಿಂದ ಆಕೆ ಮಾತನ್ನು ಕೇಳುವುದಿಲ್ಲ, ಆಡುವವರ ತುಟಿ ನೋಡಿ ತಿಳಿಯುತ್ತಾಳೆ. ಇಂಥವಳಿಗೆ ಸಿಕ್ಕ ಗಂಡನೋ, ಬೆಳಗಿನಿಂದ ಸಂಜೆಯವರೆಗೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಏನು ಕೇಳಿದರೂ ‘ಹ್ಞೂಂ’ ಎನ್ನುವ ಪ್ರಾಣಿ. ‘ಸೂಜಿ ತೆಗೆದು ಮಾತಾಡಿ, ನಂಗೆ ಕೇಳೋದು ಬೇಡ, ಕಾಣ್ಬೇಕು’ ಎಂದು ಆಕೆ ಹೇಳುತ್ತಲೇ ಬಂದಳು. ಅದಕ್ಕೂ ನಾನು ‘ಹ್ಞೂಂ’ ಎನ್ನುತ್ತಲೇ ಬಂದೆ.

ಹಲ್ಲು ಹೋದ ಮೇಲೆ ತುಟಿ ಮರೆಮಾಡಲು ಸೂಜಿಯ ಅಗತ್ಯವೂ ಇಲ್ಲದಾಯಿತು. ಆ ಕಿಂಡಿಯನ್ನು ಯಾರೂ ನೋಡಬಾರದೆಂದು ಬಾಯಿಗೆ ಅಂಗೈ ಅಡ್ಡ ಹಿಡಿದು ಮಾತಾಡುವ ಚಾಳಿ ಅಂಟಿಕೊಂಡಿತು. ಈ ವಯಸ್ಸಿನ, ಈ ರೂಪದ ನನ್ನನ್ನು ನೋಡಲು ಯಾರು ಸಾಲುಗಟ್ಟಿ ನಿಂತಿದ್ದರೋ ದೇವರೇ ಬಲ್ಲ. ಗಿರಾಕಿಗಳಿಗೇನೂ ತೊಂದರೆಯಾಗಲಿಲ್ಲ, ಆಕೆಯ ಪಾಲಿಗೆ ಮಾತ್ರ ಮನೆಯಲ್ಲಿ ಮಾತೇ ನಿಂತುಹೋಯಿತು. ಮೊದಮೊದಲು ನನ್ನ ಕೈಯನ್ನು ಸರಿಸುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟು, ತಲೆ ತಗ್ಗಿಸಿ ಗುಂಡಿಗಳನ್ನೇ ನೋಡುತ್ತ ಕೂರತೊಡಗಿದಳು. ಅದನ್ನು ಕಂಡರೂ ಹಾಳು ಕೈ ಕೆಳಗಿಳಿಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ತಾವು ದಯಮಾಡಿಸಿದಿರಿ. ತಮ್ಮ ತಿರುಪು ಮೂಳೆಯಲ್ಲಿ ಕೂಡಿಕೊಳ್ಳಲೆಂದು ತಿಂಗಳುಗಟ್ಟಲೆ ಕಾದದ್ದು ಸಾರ್ಥಕವಾಯಿತು. ತಾವು ಬಂದ ದಿನ ಆಕೆಯ ಎದುರಿಗೆ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಯ್ತುಂಬ ಮಾತಾಡಿದೆ. ಬಹುಪಾಲು ಪಕ್ಕದ ಇಸ್ತ್ರಿ ಅಂಗಡಿಯವನ ಮೇಲಿನ ಚಾಡಿಯೇ ಆದರೂ, ಆಕೆ ಕಣ್ಣು ಕೀಳದೆ ನೋಡಿ ಕೊನೆಗೆ ನಕ್ಕಳು. ಆ ನಗುವಿಗಾಗಿ ನಾನು ತಮಗೆ ಋಣಿ, ಇದರಲ್ಲಿ ವ್ಯಂಗ್ಯವಿಲ್ಲ.

ತಮ್ಮನ್ನು ಕೂರಿಸಿದ ಹಲ್ಲಿನ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು: ಮೆತ್ತನೆಯ ಬ್ರಷ್ಷಿನಿಂದ ವಸಡಿನ ಅಂಚನ್ನು ದಿನವೂ ಉಜ್ಜಬೇಕು, ಮಲಗುವ ಮುನ್ನ ತಮ್ಮ ಕತ್ತಿನ ಸುತ್ತ ದಾರ ಆಡಿಸಿ ಅಂಟಿದ ಕೊಳೆ ತೆಗೆಯಬೇಕು, ಆಗಾಗ ಬಂದು ತೋರಿಸಬೇಕು, ತಮ್ಮಿಂದ ಯಾವುದನ್ನೂ ಕತ್ತರಿಸಬಾರದು. ಹಲ್ಲಿಗೆಂದೇ ಮಾಡಿದ ದಾರದ ಡಬ್ಬಿಯೊಂದನ್ನೂ ಕೊಟ್ಟರು. ಆ ದಾರವನ್ನು ಬೆರಳುಗಳ ನಡುವೆ ಹೊಸೆದು ನೋಡಿದೆ. ಹುರಿಯಿಲ್ಲ, ಬಿಗಿಯಿಲ್ಲ, ಮೇಣ ಮೆತ್ತಿದ ಪುಸುಕಲು ಮಾಲು. ದಾರದ ವಿಷಯದಲ್ಲಿ ದರ್ಜಿಗೆ ಬುದ್ಧಿ ಹೇಳುವುದೇ ಎಂದು ಅದನ್ನು ಡ್ರಾಯರಿನೊಳಗೆ ತಳ್ಳಿ, ಹೋಟೆಲಿನ ಬಾಗಿಲು ಕಾಯುವವರ ಕೋಟುಗಳಿಗೆಂದು ತಂದಿದ್ದ, ಜಗ್ಗಿದರೆ ಬೆರಳನ್ನೇ ಕೊಯ್ಯುವ ಕಡುಹಸಿರು ದಾರವನ್ನು ಇಳಿಸಿಕೊಂಡೆ. ಆಮೇಲೆ ದಿನವೂ ತಮ್ಮ ಕತ್ತಿಗೆ ಅದನ್ನು ಸುತ್ತಿ ಗರಗರ ಎಳೆದು, ನನ್ನಷ್ಟು ಶುಚಿಯಾದ ಮನುಷ್ಯ ಇನ್ನೊಬ್ಬನಿಲ್ಲವೆಂದು ಬೀಗಿದೆ.

ಕೆಲವೇ ವಾರಗಳಲ್ಲಿ ವಸಡು ಕೆಂಪಗೆ ಉಬ್ಬಿತು, ಬಾಯಿ ಮುಕ್ಕಳಿಸಿದರೆ ರಕ್ತ ಬಂತು, ಉಸಿರಿನಲ್ಲಿ ಒದ್ದೆ ಗೋಣಿಚೀಲದ ವಾಸನೆ ಸೇರಿಕೊಂಡಿತು. ಮಹಾಶಯರೇ, ಆಗ ತಾವೇನು ಮಾಡುತ್ತಿದ್ದಿರಿ? ನರವಿಲ್ಲದ ತಾವು ತುಟಿಪಿಟಕ್ಕೆನ್ನದೆ, ಬೆಂಕಿ ಬಿದ್ದ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ನೆಂಟನ ಹಾಗೆ ಥಳಥಳ ಹೊಳೆಯುತ್ತಿದ್ದಿರಿ. ಆ ಸಂಯಮ, ಆ ಘನತೆ ಹೊಗಳಿದಷ್ಟೂ ಸಾಲದು! ನೋವಿಲ್ಲವೆಂದ ಮೇಲೆ ರೋಗವೆಲ್ಲಿಯದು ಎಂದುಕೊಂಡ ನಾನು, ತಿರುಪೇ ಕಳಪೆ, ತಯಾರಿಸಿದವರೇ ಮೋಸಗಾರರು ಎಂದು ಬಂದವರಿಗೆಲ್ಲ ಸಾರಿದೆ. ಸಾರುವಾಗ ವಾಸನೆ ಬಾರದಿರಲೆಂದು ಕೈ ತಾನಾಗಿ ಬಾಯಿಗೆ ಅಡ್ಡ ಬಂದಿತ್ತು. ಅದನ್ನು ಕಂಡ ಆಕೆ ಹೊಲಿಯುತ್ತಿದ್ದ ಕೋಟನ್ನು ಪಕ್ಕಕ್ಕಿಟ್ಟು, ‘ಮತ್ತೆ ಬಾಗಿಲು ಹಾಕ್ಕೊಂಡ್ರಾ? ಏಳಿ, ಡಾಕ್ಟರ ಹತ್ರ ಹೋಗೋಣ’ ಎಂದು ನನ್ನ ತೋಳು ಹಿಡಿದು ಎಬ್ಬಿಸಿದಳು.

ಡಾಕ್ಟರಮ್ಮ ನನ್ನ ಬಾಯೊಳಗೆ ಕನ್ನಡಿ, ಕೊಳವೆ, ಬೆರಳುಗಳನ್ನೆಲ್ಲ ಇಟ್ಟಾದ ಮೇಲೆ, ‘ದಿನಾ ದಾರ ಹಾಕ್ತಿದ್ದೀರಾ?’ ಎಂದು ಕೇಳಿದರು. ‘ಹ್ಞೂಂ’ ಎಂದೆ. ‘ನಾನು ಕೊಟ್ಟಿದ್ದೇನಾ?’ ಅದಕ್ಕೂ ‘ಹ್ಞೂಂ’. ಅವರು ಚಿಮಟ ಹಾಕಿ ತಮ್ಮ ಕತ್ತಿನ ಬುಡದಿಂದ, ವಸಡಿನೊಳಗಿನಿಂದ, ಏನನ್ನೋ ಮೆಲ್ಲಗೆ ಎಳೆದು ದೀಪಕ್ಕೆ ಹಿಡಿದರು. ನನ್ನಾಕೆ ಬಗ್ಗಿ ನೋಡಿ, ‘ಇದು ಹೋಟೆಲ್ ಕೋಟಿಂದು’ ಎಂದಳು. ಸಿಬಿರೆದ್ದ ಎಳೆಯೊಂದು ತುಂಡಾಗಿ ಅಲ್ಲೇ ಸಿಕ್ಕಿಕೊಂಡು ವಸಡನ್ನು ಕೊಳೆಸುತ್ತಿತ್ತಂತೆ. ನಾಚಿಕೆಯಿಂದ ಕುಗ್ಗಿಹೋದೆ, ನಿಜ; ಆದರೆ ಇಷ್ಟು ದಿನ ಎಂಜಲಿನಲ್ಲಿ ನೆನೆದರೂ ಬಣ್ಣ ಬಿಟ್ಟಿಲ್ಲವಲ್ಲ ಎಂಬ ಹೆಮ್ಮೆ ಅದಕ್ಕೂ ಮೊದಲೇ ಬಂದುಹೋಗಿತ್ತು.

ಡಾಕ್ಟರಮ್ಮ ಮುಖದ ಮಾಸ್ಕನ್ನು ಗಲ್ಲಕ್ಕಿಳಿಸಿ, ನನ್ನನ್ನು ಬಿಟ್ಟು ಆಕೆಯ ಕಡೆ ತಿರುಗಿ ನಿಧಾನವಾಗಿ ಹೇಳಿದರು: ‘ಈ ಹಲ್ಲು ಹುಳುಕಾಗಲ್ಲ. ಆದ್ರೆ ಅದನ್ನ ಹಿಡ್ಕೊಂಡಿರೋ ವಸಡು, ಮೂಳೆ ಇವರದೇ ತಾನೆ? ಮೂಳೆ ಸ್ವಲ್ಪ ಕರಗಿದೆ. ಇಲ್ಲಿಗೆ ನಿಂತ್ರೆ ಹಲ್ಲು ಉಳಿಯುತ್ತೆ, ಇನ್ನೂ ಕರಗಿದ್ರೆ ತೆಗೀಬೇಕಾಗುತ್ತೆ.’ ಆಕೆ ತಲೆಯಾಡಿಸಿದಳು. ಆಮೇಲೆ ನನ್ನ ಮುಚ್ಚಿದ ಬಾಯಿಯನ್ನು ನೋಡಿದಳು. ಆ ನೋಟಕ್ಕೆ ನನಗೆ ನಿಜಕ್ಕೂ ಭಯವಾಯಿತು.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆ. ದಯವಿಟ್ಟು ಒಂದು ನರವನ್ನು ಬೆಳೆಸಿಕೊಳ್ಳಿ. ದೊಡ್ಡದೇನೂ ಬೇಡ, ಕಾಜಾದ ಎಳೆಯಷ್ಟು ಸಾಕು. ತಪ್ಪು ಮಾಡಿದಾಗ ನನ್ನನ್ನು ಕೂತಲ್ಲಿ ಕುಣಿಸಿ. ಕರಗಿದ ಮೂಳೆಯನ್ನೂ ತಾವೇ ಎಲ್ಲಿಂದಾದರೂ ತಂದು ತುಂಬಿಕೊಳ್ಳಿ. ಇವು ತಮ್ಮ ಕೈಲಾಗದ ಕೆಲಸಗಳಾದರೆ, ನನ್ನ ಕೈಲಾಗುವುದನ್ನು ಶುರು ಮಾಡಿದ್ದೇನೆ: ಸೂಜಿಗಳು ಬಾಯಿಂದ ಮಣಿಕಟ್ಟಿಗೆ ಕಟ್ಟಿಕೊಂಡ ಮೆತ್ತೆಗೆ ವರ್ಗವಾಗಿವೆ, ಕತ್ತರಿಗೆ ಅದರ ಕೆಲಸ ಮರಳಿ ಸಿಕ್ಕಿದೆ, ಪುಸುಕಲು ದಾರ ಡ್ರಾಯರಿನಿಂದ ಹೊರಬಂದಿದೆ. ಬಚ್ಚಲ ಕನ್ನಡಿಯ ಮುಂದೆ ನಾನು ಅದನ್ನು ಆಡಿಸುವಾಗ ಆಕೆ ಬಾಗಿಲಲ್ಲಿ ನಿಂತು, ಕಾಜಾ ಹೊಲಿಯಲು ಕಲಿಯುವವರ ಕೈ ನೋಡುವ ಹಾಗೆ ನೋಡುತ್ತಾಳೆ.

ತಮ್ಮ ವಿಶ್ವಾಸಿ,
ತಮ್ಮನ್ನು ಹಿಡಿದಿರುವ ಮೂಳೆಯ ಮಾಲೀಕ, ದರ್ಜಿ

ತಾ.ಕ.: ಅಂಟಿಸುವ ಮುನ್ನ ಆಕೆ ಇದನ್ನು ಓದಿ, ‘ಹಲ್ಲಿಗೆ ಇಷ್ಟುದ್ದ ಪತ್ರ ಬರೀತೀರಿ, ನಂಗೆ ಯಾವತ್ತಾದ್ರೂ ಒಂದು ಸಾಲು ಬರೆದಿದ್ದೀರಾ?’ ಎಂದಳು. ಕೂಡಲೇ ಇನ್ನೊಂದು ಹಾಳೆ ತೆಗೆದೆ; ಕಿತ್ತುಕೊಂಡಳು. ಬರೆಯುವುದು ಬೇಡವಂತೆ, ಎದುರಿಗೆ ಕೂತು ಬಾಯಿ ತೆರೆದು ಹೇಳಬೇಕಂತೆ. ನಾಳೆ ಅಂಗಡಿ ತೆರೆಯುವ ಮುನ್ನ ಹೇಳಲಿದ್ದೇನೆ. ತಾವು ಜೊತೆಗಿದ್ದರೆ ಸಂತೋಷ. ಮುಂದೆಂದೋ ಬಿದ್ದುಹೋದರೆ, ತಾವು ಬಿಟ್ಟುಹೋದ ಕಿಂಡಿಯಿಂದಲೇ, ಕೈ ಅಡ್ಡವಿಡದೆ ಹೇಳುತ್ತೇನೆ. ಆಕೆಗೆ ಆಗಲೂ ಕಾಣುತ್ತದೆ.